ಗುಂಯ್ ಅಡಗುತ್ತದೆ, ಸಿಳ್ಳೆ ಅಡಗುವುದಿಲ್ಲ

ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತು, ಶಬ್ದ ತಗ್ಗಿಸುವ ಹೆಡ್‌ಫೋನಿನ ಗುಂಡಿ ಒತ್ತಿದರೆ ಇಂಜಿನ್ನಿನ ಗುಂಯ್‌ಗುಡುವಿಕೆ ಥಟ್ಟನೆ ಅಡಗುತ್ತದೆ. ಆದರೆ ಎಡಪದವಿನಲ್ಲೋ ಗಂಜಿಮಠದಲ್ಲೋ ಕಂಡಕ್ಟರ್ ಹಾಕುವ ಸಿಳ್ಳೆ, ಅದರ ಬೆನ್ನಿಗೇ ಬರುವ ತುಳುವಿನ ‘ರೈಟ್ ಪೋಯಿ’ ಕೂಗು, ಎರಡೂ ಕಿವಿಗೆ ಬಿದ್ದೇ ಬೀಳುತ್ತವೆ. ಮೂಡುಬಿದಿರೆಯ ಪುತ್ತಿಗೆ ಪದವಿನ ಆಸುಪಾಸಿನಲ್ಲಿ ಓದುವ ಹುಡುಗ ಹುಡುಗಿಯರಿಗೆ ಇದು ಹಳೇ ಮಾಡೆಲ್ಲಿನ ಕೊರತೆಯೆಂದು ಕಾಣಬಹುದು. ಮುಂದಿನ ಮಾಡೆಲ್ಲಿನಲ್ಲೂ ಸಿಳ್ಳೆ ಕೇಳುತ್ತದೆ.

ಕಾರಣ ಸಮಯದ ಲೆಕ್ಕದಲ್ಲಿದೆ. ಹೆಡ್‌ಫೋನಿನ ಹೊರಮೈಯಲ್ಲಿರುವ ಮೈಕು ಗದ್ದಲವನ್ನು ಮೊದಲೇ ಆಲಿಸುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಚಿಪ್ಪು ಆ ಅಲೆಗೆ ಸರಿಯಾಗಿ ತಲೆಕೆಳಗಾದ ಇನ್ನೊಂದು ಅಲೆಯನ್ನು ಸ್ಪೀಕರಿನಿಂದ ಹೊರಡಿಸುತ್ತದೆ. ಗಾಳಿಯ ಒತ್ತಡ ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿಯುವುದರಿಂದ ಎರಡೂ ಸೇರಿ ಸೊನ್ನೆಯ ಹತ್ತಿರ ಬರುತ್ತವೆ. ಏನು ಉಳಿಯಿತೆಂದು ನೋಡಿ ತಿದ್ದಲು ಕಿವಿಯ ಪಕ್ಕದಲ್ಲಿ ಮತ್ತೊಂದು ಮೈಕು ಇರುತ್ತದೆ.

ಆರು ಸಿಲಿಂಡರಿನ ಡೀಸೆಲ್ ಇಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 75 ಸ್ಫೋಟ, ಅಂದರೆ 75 ಹರ್ಟ್ಸ್‌ನ ಗುಂಯ್. ಅದರ ಒಂದು ಅಲೆಯ ಉದ್ದ ನಾಲ್ಕೂವರೆ ಮೀಟರ್. ತಲೆಕೆಳಗಾದ ಅಲೆ ಕಿವಿ ಮುಟ್ಟುವುದು ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ತಡವಾಯಿತೆಂದು ಇಟ್ಟುಕೊಳ್ಳಿ. ಇಷ್ಟು ನಿಧಾನದ ಅಲೆಗೆ ಆ ತಡ ಲೆಕ್ಕಕ್ಕೇ ಇಲ್ಲ. ಗುಂಯ್‌ನಲ್ಲಿ ನೂರಕ್ಕೆ ಐದು ಪಾಲು ಮಾತ್ರ ಉಳಿಯುತ್ತದೆ. ಅದೇ ತಡ 1,000 ಹರ್ಟ್ಸ್‌ನಲ್ಲಿ ಆದರೆ ಅರವತ್ತು ಪಾಲು ಉಳಿದುಬಿಡುತ್ತದೆ. ಸಿಳ್ಳೆ 3,000 ಹರ್ಟ್ಸ್‌ನದಾದರೆ ಲೆಕ್ಕವೇ ತಿರುಗಿಬೀಳುತ್ತದೆ: ಅಳಿಸಲೆಂದು ಹೊರಡಿಸಿದ ಅಲೆ ಅದನ್ನು ಒಂದೂವರೆ ಪಟ್ಟಿಗೂ ಮಿಕ್ಕಿ ಹೆಚ್ಚಿಸುತ್ತದೆ! ಅದಕ್ಕೇ ತಯಾರಕರು ಕೀರಲು ದನಿಗಳ ತಂಟೆಗೆ ಹೆಚ್ಚು ಹೋಗದೆ, ಅವನ್ನು ಕಿವಿಗೆ ಕೂರುವ ಮೆತ್ತೆಗೆ ಬಿಟ್ಟುಕೊಡುತ್ತಾರೆ. ಮೆತ್ತೆ ತಡೆದಷ್ಟೇ ಲಾಭ.

ಈ ವಿದ್ಯೆ ಹೊಸತೇನಲ್ಲ. ಜರ್ಮನಿಯ ಪೌಲ್ ಲ್ಯೂಗ್‌ಗೆ ಇದರ ಅಮೆರಿಕನ್ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. ಬಂಗಾಳಿ ತಂದೆಯ ಮಗ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಹೊರಟ ವಿಮಾನದಲ್ಲಿ, ಇಂಜಿನ್ನಿನ ಸದ್ದಿನಲ್ಲಿ ಸಂಗೀತ ಕೇಳಿಸದೆ ಬೇಸತ್ತು, ಅಲ್ಲೇ ಕೂತು ಲೆಕ್ಕ ಹಾಕತೊಡಗಿದರು. ಅವರ ಬೋಸ್ ಕಂಪನಿಯ ಹೆಡ್‌ಸೆಟ್ 1989ರಲ್ಲಿ ಪೈಲಟ್‌ಗಳ ಕೈಸೇರಿತು, 2000ದಲ್ಲಿ ಪ್ರಯಾಣಿಕರ ಕೈಯನ್ನೂ.

ಹಾಗಾದರೆ ಮಾಡೆಲ್ಲಿನಿಂದ ಮಾಡೆಲ್ಲಿಗೆ ಬದಲಾಗುವುದೇನು? ಸೋನಿಯ ಹೆಡ್‌ಫೋನುಗಳ ಒಂದು ಸಾಲನ್ನೇ ನೋಡಿ. 2016ರಲ್ಲಿ ಮೊದಲನೆಯದು, ಆಮೇಲೆ 2017, 2018, 2020, 2022, 2025. ಚಿಪ್ಪು ಚುರುಕಾಗಿದೆ, ಮೈಕುಗಳು ಹೆಚ್ಚಿವೆ, ಕೊನೆಯದರಲ್ಲಿ ಹನ್ನೆರಡು. ಇದರ ಫಲ ನಿಜವೇ: ಮೊದಲು ಇಂಜಿನ್ನಿಗಷ್ಟೇ ಸಾಕಾಗುತ್ತಿದ್ದ ಸಾಧನ ಈಗ ಮಾತಿನ ಗುಜುಗುಜುವನ್ನೂ ಕೊಂಚ ತಗ್ಗಿಸುತ್ತದೆ. ಆದರೆ 2022ರ ಮಾಡೆಲ್ಲಿನಲ್ಲಿ ಹೆಡ್‌ಫೋನು ಮಡಚುವ ಸೌಕರ್ಯವನ್ನು ತೆಗೆದುಹಾಕಿ, 2025ರಲ್ಲಿ ಅದನ್ನೇ ಹೊಸ ಗುಣವೆಂಬಂತೆ ಮರಳಿ ಕೊಟ್ಟರು. ಇದನ್ನು ಪ್ರಗತಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಸಂಗೀತದ ಗುಣಮಟ್ಟದ ವಿಚಾರದಲ್ಲಂತೂ ಪೆಟ್ಟಿಗೆಯ ಮೇಲಿನ ಅಂಕಿಗಳಿಗೆ ಮರುಳಾಗುವುದು ಸುಲಭ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ ಹರಿಯುತ್ತದೆ. ಬ್ಲೂಟೂತ್‌ನ ಸಾಮಾನ್ಯ ಎಸ್‌ಬಿಸಿ ವಿಧಾನದಲ್ಲಿ ಸುಮಾರು 328, ಎಲ್‌ಡಿಎಸಿಯಲ್ಲಿ ಹೆಚ್ಚೆಂದರೆ 990. ಅಂತರ ದೊಡ್ಡದಾಗಿ ಕಂಡರೂ ಕೈಬಿಡುವ ಭಾಗ ಬಹುಪಾಲು ಕಿವಿ ಗುರುತಿಸದಂಥದ್ದು. ಓಡುವ ಬಸ್ಸಿನಲ್ಲಂತೂ ವ್ಯತ್ಯಾಸ ಹಿಡಿಯುವವರು ವಿರಳ. ಅದಕ್ಕಿಂತ ತೊಡಕಿನದು ಬೇರೊಂದಿದೆ. ಕಿವಿಯ ಪಕ್ಕದ ಮೈಕಿಗೆ ಹಾಡೂ ಕೇಳಿಸುತ್ತದೆ. ಯಾವುದು ಹಾಡು, ಯಾವುದು ಗದ್ದಲ ಎಂದು ಚಿಪ್ಪು ಬಿಡಿಸಿಕೊಳ್ಳದಿದ್ದರೆ ಮೃದಂಗದ ಎಡದ ಗುಮುಕನ್ನೂ ಗದ್ದಲವೆಂದು ಅಳಿಸಿಬಿಟ್ಟೀತು. ಶಬ್ದ ತಗ್ಗಿಸುವ ಗುಂಡಿ ಒತ್ತಿದಾಗ ಹಾಡಿನ ಮೈಕಟ್ಟು ತುಸು ಬದಲಾದಂತೆ ತೋರುವುದಕ್ಕೆ ಇದೂ ಒಂದು ಕಾರಣ. ಆ್ಯಪ್ ಮೂಲಕ ಬರುವ ಅಪ್‌ಡೇಟು ಈ ಹೊಂದಾಣಿಕೆಯನ್ನು ಬದಲಿಸಬಲ್ಲದು; ನಿನ್ನೆ ಹಿಡಿಸಿದ ಹೆಡ್‌ಫೋನು ಇಂದು ಬೇರೆಯಾಗಿ ಕೇಳಿದರೆ ಅದು ಬರೀ ಭ್ರಮೆಯಲ್ಲದಿರಬಹುದು.

ಇವೆಲ್ಲಕ್ಕೂ ಆಧಾರ ಮೆತ್ತೆ ಕಿವಿಯ ಸುತ್ತ ಸಂದಿಲ್ಲದಂತೆ ಕೂರುವುದು. ಕನ್ನಡಕದ ಕಡ್ಡಿ ಎತ್ತಿ ಹಿಡಿದ ಸಣ್ಣ ಸಂದಿಯಲ್ಲೂ ಗುಂಯ್ ಒಳನುಗ್ಗುತ್ತದೆ, ಹಾಡಿನ ತಗ್ಗು ಸ್ವರ ಸೋರಿಹೋಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಮಳೆ ನಿಂತ ಮೇಲೂ ಬೆವರು ಆರದ ನಮ್ಮ ಸೀಮೆಯಲ್ಲಿ ಇನ್ನೊಂದು ಪೀಡೆಯಿದೆ. ಮೆತ್ತೆಗೆ ಹೊದಿಸಿರುವುದು ಹೆಚ್ಚಾಗಿ ಪಾಲಿಯುರೆಥೇನ್‌ನ ಕೃತಕ ಚರ್ಮ. ಗಾಳಿಯ ತೇವಾಂಶ ಅದರ ಅಣುಸರಪಳಿಗಳನ್ನು ಕಡಿಯುತ್ತಾ ಹೋಗುತ್ತದೆ. ಒಂದು ದಿನ ಕಪ್ಪು ಸಿಪ್ಪೆ ಸುಲಿದು ಕೆನ್ನೆಗೆ ಅಂಟುತ್ತದೆ, ಒಳಗಿನ ಸ್ಪಂಜು ಚಪ್ಪಟೆಯಾಗುತ್ತದೆ. ಅಷ್ಟರಲ್ಲಿ ಹೊಸ ಮಾಡೆಲ್ಲೂ ಬಂದಿರುತ್ತದೆ. ಅಂಗಡಿಯಲ್ಲಿ ಅದನ್ನು ಹಾಕಿ ನೋಡಿದವರಿಗೆ ಸದ್ದೂ ಕಡಿಮೆ, ಹಾಡೂ ತುಂಬಿಬಂದಂತೆ. ಹೊಸ ಚಿಪ್ಪಿಗೆ ಸಿಗುವ ಹೊಗಳಿಕೆಯಲ್ಲಿ ಹೊಸ ಮೆತ್ತೆಗೂ ಒಂದು ಪಾಲಿರುತ್ತದೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ತಗ್ಗು ಸ್ವರ ಚೆನ್ನಾಗಿರುವ ಹಾಡೊಂದನ್ನು ಹಾಕಿ, ಎರಡೂ ಅಂಗೈಗಳಿಂದ ಹೆಡ್‌ಫೋನನ್ನು ಕಿವಿಯತ್ತ ಮೆಲ್ಲಗೆ ಒತ್ತಿ. ಗುಮುಕು ಒಮ್ಮೆಲೇ ಏರಿದರೆ ಮೆತ್ತೆ ಸೋರುತ್ತಿದೆ. ಹೊಸ ಜೋಡಿ ಮೆತ್ತೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹಲವು ಮಾಡೆಲ್ಲುಗಳಲ್ಲಿ ಕೈಯಿಂದಲೇ ಎಳೆದು ತೆಗೆದು ಕೂರಿಸಬಹುದು.