ಸದಸ್ಯರೇ ಒಡೆಯರಾದ ಕ್ಲಬ್‌ಗಳು: ಅರ್ಜೆಂಟೀನಾದ ಫುಟ್‌ಬಾಲ್ ಲೀಗ್ ನಡೆಯುವ ಬಗೆ

ವಿಶ್ವಕಪ್ ಫುಟ್‌ಬಾಲ್ ಸಮೀಪಿಸಿತೆಂದರೆ ಕೇರಳದ ಉದ್ದಗಲಕ್ಕೂ ತಿಳಿನೀಲಿ ಮತ್ತು ಬಿಳಿ ಪಟ್ಟೆಯ ಧ್ವಜಗಳು ಏರುವುದು ಕಾಸರಗೋಡಿನ ಓದುಗರಿಗೆ ಹೊಸ ಸಂಗತಿಯಲ್ಲ. 2022ರಲ್ಲಿ ಅರ್ಜೆಂಟೀನಾ ವಿಶ್ವಕಪ್ ಗೆದ್ದಾಗ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಆ ಸಂಭ್ರಮದಲ್ಲಿ ಪಾಲ್ಗೊಂಡಿದ್ದರು. ಆದರೆ ಆ ದೇಶದೊಳಗೆ ವಾರ ವಾರವೂ ನಡೆಯುವ ಲೀಗ್ ಪಂದ್ಯಾವಳಿಯ ಬಗ್ಗೆ ನಮ್ಮಲ್ಲಿ ತಿಳಿದವರು ವಿರಳ. “ಮೆಸ್ಸಿ ತನ್ನ ದೇಶದ ಲೀಗಿನಲ್ಲಿ ಯಾವ ತಂಡಕ್ಕೆ ಆಡಿದ್ದಾರೆ ಮಾಸ್ಟ್ರೇ?” ಎಂದು ಒಮ್ಮೆ ತರಗತಿಯಲ್ಲಿ ಹುಡುಗನೊಬ್ಬ ಕೇಳಿದ. “ಒಂದು ತಂಡಕ್ಕೂ ಆಡಿಲ್ಲ” ಎಂದಾಗ ಅವನು ನಂಬಲಿಲ್ಲ.

ಉತ್ತರವೇನೋ ನಿಜ. ರೊಸಾರಿಯೋ ನಗರದಲ್ಲಿ ಹುಟ್ಟಿದ ಲಿಯೊನೆಲ್ ಮೆಸ್ಸಿ ಅಲ್ಲಿನ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ಕ್ಲಬ್ಬಿನ ಬಾಲಕರ ತಂಡದಲ್ಲಿ ಬೆಳೆದು, 2000ದಲ್ಲಿ, ತಮ್ಮ ಹದಿಮೂರನೆಯ ವಯಸ್ಸಿನಲ್ಲಿ ಬಾರ್ಸಿಲೋನಾಕ್ಕೆ ತೆರಳಿದರು. ಅದಕ್ಕೂ ಹಿಂದಿನ ತಲೆಮಾರಿನ ಡಿಯೇಗೊ ಮರಡೋನಾ 1976ರ ಅಕ್ಟೋಬರಿನಲ್ಲಿ, ಹದಿನಾರು ತುಂಬಲು ಇನ್ನೂ ಹತ್ತು ದಿನಗಳಿರುವಾಗ, ಅರ್ಜೆಂಟೀನೋಸ್ ಜೂನಿಯರ್ಸ್ ತಂಡದ ಪರವಾಗಿ ಇದೇ ಲೀಗಿಗೆ ಕಾಲಿಟ್ಟಿದ್ದರು. ಈ ಇಬ್ಬರ ದಾರಿಗಳ ನಡುವಿನ ವ್ಯತ್ಯಾಸದಲ್ಲಿಯೇ ಆ ಲೀಗಿನ ಸಾಮರ್ಥ್ಯವೂ ಸಂಕಟವೂ ಅಡಗಿವೆ.

ಶಾಲೆಯ ಅಂಗಳದಿಂದ ಹುಟ್ಟಿದ ಆಟ

ಅರ್ಜೆಂಟೀನಾದ ಫುಟ್‌ಬಾಲಿನ ಪಿತಾಮಹನೆಂದು ಕರೆಯಲ್ಪಡುವ ವ್ಯಕ್ತಿ ಒಬ್ಬ ಶಾಲಾ ಶಿಕ್ಷಕ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದ ಅಲೆಕ್ಸಾಂಡರ್ ವಾಟ್ಸನ್ ಹಟನ್ 1882ರಲ್ಲಿ ಬ್ಯೂನಸ್ ಐರಿಸ್‌ಗೆ ಬಂದು, 1884ರಲ್ಲಿ ಸ್ವಂತ ಶಾಲೆಯೊಂದನ್ನು ತೆರೆದರು. ಆಟವೂ ಪಾಠದ ಅಂಗವೆಂದು ನಂಬಿದ್ದ ಅವರು ಮಕ್ಕಳಿಗೆ ಫುಟ್‌ಬಾಲ್ ಕಲಿಸಿದರು. 1891ರಲ್ಲಿ ಆ ದೇಶದ ಮೊದಲ ಲೀಗ್ ನಡೆಯಿತು. ಅದನ್ನು ನಡೆಸಿದ ಸಂಸ್ಥೆ ಬಾಳಲಿಲ್ಲ. 1893ರಲ್ಲಿ ಹಟನ್ ಹೊಸ ಸಂಘವನ್ನು ಕಟ್ಟಿದರು. ಇಂದಿನ ಅರ್ಜೆಂಟೀನಾ ಫುಟ್‌ಬಾಲ್ ಸಂಘವು ತನ್ನ ಹುಟ್ಟನ್ನು ಎಣಿಸುವುದು ಆ ವರ್ಷದಿಂದಲೇ. ಹಟನ್ ಅವರ ವಿದ್ಯಾರ್ಥಿಗಳ ತಂಡವು ‘ಅಲುಮ್ನಿ’, ಅಂದರೆ ಹಳೆಯ ವಿದ್ಯಾರ್ಥಿಗಳು ಎಂಬ ಹೆಸರಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕವನ್ನು ಆಳಿತು.

ಇದು ಒಂದು ಶಾಲೆಯ ಕಥೆ ಮಾತ್ರವಲ್ಲ. ರೊಸಾರಿಯೋದಲ್ಲಿ ಐಸಾಕ್ ನ್ಯೂವೆಲ್ ಎಂಬ ಶಿಕ್ಷಕರ ಶಾಲೆಯ ಹಳೆಯ ವಿದ್ಯಾರ್ಥಿಗಳು 1903ರಲ್ಲಿ ಕಟ್ಟಿದ ಕ್ಲಬ್ ಇಂದಿಗೂ ಗುರುವಿನ ಹೆಸರನ್ನೇ ಹೊತ್ತು ‘ನ್ಯೂವೆಲ್ಸ್ ಓಲ್ಡ್ ಬಾಯ್ಸ್’ ಎನಿಸಿಕೊಂಡಿದೆ. ಲಾ ಪ್ಲಾತಾ ನಗರದ ‘ಎಸ್ತುದಿಯಾಂತೆಸ್’ ಎಂಬ ಹೆಸರಿನ ಅರ್ಥವೇ ‘ವಿದ್ಯಾರ್ಥಿಗಳು’.

ಆಟ ನಾಡಿನದಾದದ್ದು ಭಾಷೆಯಿಂದ

ಆರಂಭದಲ್ಲಿ ಈ ಆಟವು ಬ್ರಿಟಿಷ್ ರೈಲ್ವೆ ನೌಕರರ, ವರ್ತಕರ ಹಾಗೂ ಅವರ ಮಕ್ಕಳ ಆಟವಾಗಿತ್ತು. ಸಂಘದ ಸಭೆಗಳೂ ಕಡತಗಳೂ ಇಂಗ್ಲಿಷಿನಲ್ಲಿದ್ದವು. ಇಟಲಿ, ಸ್ಪೇನ್ ಮೊದಲಾದ ದೇಶಗಳಿಂದ ವಲಸೆ ಬಂದ ದುಡಿಯುವ ಕುಟುಂಬಗಳ ಮಕ್ಕಳು ಖಾಲಿ ಜಾಗಗಳಲ್ಲಿ ಆಡತೊಡಗಿದ ಮೇಲೆ ಚಿತ್ರ ಬದಲಾಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸಂಘವು ಸ್ಪ್ಯಾನಿಷ್ ಭಾಷೆಯನ್ನು ಆಡಳಿತ ಭಾಷೆಯಾಗಿ ಸ್ವೀಕರಿಸಿತು. ಭಾಷೆ ಬದಲಾದಾಗ ಸಂಘದ ಬಾಗಿಲೂ ತೆರೆಯಿತು. ಬಂದರು ಬಡಾವಣೆಯಾದ ಲಾ ಬೋಕಾದಲ್ಲಿ 1901ರಲ್ಲಿ ರಿವರ್ ಪ್ಲೇಟ್, 1905ರಲ್ಲಿ ಬೋಕಾ ಜೂನಿಯರ್ಸ್ ಹುಟ್ಟಿದವು.

ಆದರೂ ಇಂಗ್ಲಿಷ್ ಪದಗಳನ್ನು ಅವರು ಹೊರಗಟ್ಟಲಿಲ್ಲ, ತಮ್ಮ ನಾಲಿಗೆಗೆ ಒಗ್ಗಿಸಿಕೊಂಡರು. ಆಫ್‌ಸೈಡ್ ‘ಓರ್ಸಾಯಿ’ ಆಯಿತು, ರೆಫರಿ ‘ರೆಫೆರಿ’ಯೇ ಆದರೂ ಸ್ಪ್ಯಾನಿಷ್ ಉಚ್ಚಾರ ಪಡೆದ, ಸೆಂಟರ್ ಹಾಫ್ ‘ಸೆಂತ್ರೊಹಾಸ್’ ಆದ. ಗಡಿಯಾಚೆ ಬದುಕುವ ಕನ್ನಡಿಗರಿಗೆ ಇದು ಪರಿಚಿತ ಸಂಗತಿ. ನೆರೆಭಾಷೆಯ ಪದಗಳನ್ನು ಸ್ವೀಕರಿಸಿದ ಮಾತ್ರಕ್ಕೆ ಭಾಷೆ ಅಳಿಯುವುದಿಲ್ಲ. ಸಭೆ, ಕಡತ, ಪಾಠಗಳಲ್ಲಿ ಅದರ ಬಳಕೆ ನಿಂತಾಗ ಅಪಾಯ ಎದುರಾಗುತ್ತದೆ.

ವೃತ್ತಿಪರ ಲೀಗ್ ಮತ್ತು ಐದು ಹಿರಿಯರು

1931ರವರೆಗೆ ಆಟಗಾರರಿಗೆ ಬಹಿರಂಗವಾಗಿ ಸಂಬಳ ಕೊಡುವಂತಿರಲಿಲ್ಲ. ಗುಟ್ಟಾಗಿ ಹಣ ಕೈ ಬದಲಾಯಿಸುತ್ತಿತ್ತು. ಆ ವರ್ಷ 18 ಕ್ಲಬ್‌ಗಳು ಬೇರ್ಪಟ್ಟು ವೃತ್ತಿಪರ ಲೀಗನ್ನು ಆರಂಭಿಸಿದವು. ಅದರ ಮೊದಲ ಪ್ರಶಸ್ತಿ ಬೋಕಾ ಜೂನಿಯರ್ಸ್‌ಗೆ ಸಂದಿತು. ಮುಂದೆ 1966ರವರೆಗೆ ಬೋಕಾ, ರಿವರ್, ರೇಸಿಂಗ್, ಇಂಡಿಪೆಂಡಿಯೆಂತೆ, ಸಾನ್ ಲೊರೆನ್ಸೋ ಎಂಬ ಐದು ಕ್ಲಬ್‌ಗಳ ಹೊರತು ಬೇರಾರೂ ಈ ಪ್ರಶಸ್ತಿ ಗೆಲ್ಲಲಿಲ್ಲ. ಈ ಐದನ್ನು ಅಲ್ಲಿನವರು ‘ಐದು ದೊಡ್ಡವು’ ಎನ್ನುತ್ತಾರೆ. ಐದೂ ರಾಜಧಾನಿಯವು ಅಥವಾ ಅದಕ್ಕೆ ತಾಗಿಕೊಂಡಿರುವ ಅವೆಲ್ಯಾನೆಡಾ ಪಟ್ಟಣದವು.

1967ರಲ್ಲಿ ಎಸ್ತುದಿಯಾಂತೆಸ್ ಈ ಸಾಲನ್ನು ಮುರಿಯಿತು. ಅದೇ ವರ್ಷ ದೂರದ ಪ್ರಾಂತ್ಯಗಳ ಕ್ಲಬ್‌ಗಳಿಗೂ ಅವಕಾಶ ಸಿಗಲೆಂದು ರಾಷ್ಟ್ರೀಯ ಪಂದ್ಯಾವಳಿಯೊಂದು ಸೇರ್ಪಡೆಯಾಯಿತು. 1971ರಲ್ಲಿ ರೊಸಾರಿಯೋ ಸೆಂಟ್ರಲ್ ಆ ಪಂದ್ಯಾವಳಿಯನ್ನು ಗೆದ್ದು ಪ್ರಾಂತ್ಯಗಳಿಗೂ ಗೌರವ ತಂದಿತು.

ಈಗಿನ ಪದ್ಧತಿ

ಅಲ್ಲಿ ಪಂದ್ಯಾವಳಿಯ ರೂಪ ಪದೇ ಪದೇ ಬದಲಾಗುತ್ತದೆ. 2025ರ ಪದ್ಧತಿಯನ್ನು ಉದಾಹರಣೆಯಾಗಿ ನೋಡೋಣ. ಒಟ್ಟು 30 ಕ್ಲಬ್‌ಗಳು 15ರಂತೆ ಎರಡು ಗುಂಪುಗಳಾಗುತ್ತವೆ. ವರ್ಷದ ಮೊದಲರ್ಧದ ಪಂದ್ಯಾವಳಿಗೆ ‘ಅಪೆರ್ತುರಾ’ (ಆರಂಭ), ಎರಡನೆಯದಕ್ಕೆ ‘ಕ್ಲೌಸುರಾ’ (ಮುಕ್ತಾಯ) ಎಂಬ ಹೆಸರು. ಪ್ರತಿ ಗುಂಪಿನ ಮೊದಲ 8 ತಂಡಗಳು ಮುಂದಿನ ಸುತ್ತಿಗೆ ಹೋಗುತ್ತವೆ. ಅಲ್ಲಿಂದ ಸೋತವರು ಹೊರಗೆ. ಹೀಗೆ ವರ್ಷಕ್ಕೆ ಎರಡು ಬಾರಿ ಚಾಂಪಿಯನ್ ಪಟ್ಟ ಒಲಿಯುತ್ತದೆ. 2025ರ ಅಪೆರ್ತುರಾವನ್ನು ಗೆದ್ದದ್ದು 1905ರಲ್ಲಿ ಹುಟ್ಟಿದ ಪ್ಲಾತೆನ್ಸೆ ಎಂಬ ಸಾಧಾರಣ ಕ್ಲಬ್. ರೇಸಿಂಗ್, ರಿವರ್, ಸಾನ್ ಲೊರೆನ್ಸೋಗಳನ್ನು ಅವುಗಳ ಮೈದಾನದಲ್ಲೇ ಹೊರದೂಡಿ, 120 ವರ್ಷಗಳ ಬಾಳಿನಲ್ಲಿ ಅದು ಮೊದಲ ಬಾರಿಗೆ ಈ ಪ್ರಶಸ್ತಿ ಎತ್ತಿತು.

ಸರಾಸರಿಯ ಲೆಕ್ಕ

ಕೆಳಗಿನ ದರ್ಜೆಗೆ ಇಳಿಯುವ ತಂಡವನ್ನು ನಿರ್ಧರಿಸುವ ಕ್ರಮ ವಿಶಿಷ್ಟವಾದುದು. ಬಹುತೇಕ ದೇಶಗಳಲ್ಲಿ ಆ ವರ್ಷದ ಪಟ್ಟಿಯ ಕೊನೆಯವರು ಇಳಿಯುತ್ತಾರೆ. ಅರ್ಜೆಂಟೀನಾದಲ್ಲಿ 1983ರಿಂದ ‘ಪ್ರೊಮೆದಿಯೋ’, ಅಂದರೆ ಸರಾಸರಿ ಪದ್ಧತಿ ಬಂದಿತು. ಕಳೆದ ಮೂರು ಋತುಗಳಲ್ಲಿ ಗಳಿಸಿದ ಅಂಕಗಳನ್ನು ಆಡಿದ ಪಂದ್ಯಗಳ ಸಂಖ್ಯೆಯಿಂದ ಭಾಗಿಸಬೇಕು. ಮಕ್ಕಳು ಪೆನ್ಸಿಲ್ ಹಿಡಿದು ಮಾಡಬಹುದಾದ ಒಂದು ಕಲ್ಪಿತ ಲೆಕ್ಕ ಇಲ್ಲಿದೆ.

ಹಳೆಯ ಕ್ಲಬ್ ಒಂದು ವರ್ಷಕ್ಕೆ 30 ಪಂದ್ಯಗಳಂತೆ ಆಡಿ ಮೂರು ವರ್ಷಗಳಲ್ಲಿ ಕ್ರಮವಾಗಿ 50, 48, 22 ಅಂಕ ಗಳಿಸಿತೆನ್ನೋಣ. ಒಟ್ಟು 120 ಅಂಕ, 90 ಪಂದ್ಯ. ಸರಾಸರಿ 1.33. ಈ ವರ್ಷವಷ್ಟೇ ಮೇಲಿನ ದರ್ಜೆಗೆ ಏರಿದ ಹೊಸ ಕ್ಲಬ್ 30 ಪಂದ್ಯಗಳಲ್ಲಿ 36 ಅಂಕ ಗಳಿಸಿದರೆ ಅದರ ಸರಾಸರಿ 1.20. ಈ ವರ್ಷ ಹೆಚ್ಚು ಅಂಕ ಪಡೆದದ್ದು ಹೊಸ ಕ್ಲಬ್, ಆದರೂ ಇಳಿಯುವುದು ಅದೇ. ಹಳಬರಿಗೆ ಒಂದು ಕೆಟ್ಟ ವರ್ಷ ಪ್ರಾಣಾಂತಿಕವಾಗದು, ಹೊಸಬರಿಗಾದರೋ ತಪ್ಪು ಮಾಡಲು ಎಡೆಯೇ ಇಲ್ಲ.

ಈ ನಿಯಮ ದೊಡ್ಡ ಕ್ಲಬ್‌ಗಳನ್ನು ಕಾಪಾಡಲು ಬಂದದ್ದೆಂಬ ಟೀಕೆ ಮೊದಲಿನಿಂದಲೂ ಇದೆ. 1983ರಲ್ಲಿ ರಿವರ್ ಪ್ಲೇಟ್ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯದಾಗಿದ್ದರೂ ಸರಾಸರಿಯಿಂದ ಉಳಿದುಕೊಂಡಿತು. ಆದರೆ 2011ರಲ್ಲಿ, ಹಿಂದಿನ ವರ್ಷಗಳ ಕಳಪೆ ಸಾಧನೆಯ ಭಾರ ಅದೇ ಸರಾಸರಿಯ ಮೂಲಕ ರಿವರ್‌ನ ಹೆಗಲೇರಿತು. ಬೆಲ್ಗ್ರಾನೋ ತಂಡದೆದುರು ನಿರ್ಣಾಯಕ ಪಂದ್ಯಗಳಲ್ಲಿ ಎಡವಿ, ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಅದು ಕೆಳದರ್ಜೆಗೆ ಇಳಿಯಿತು. 2025ರಲ್ಲಿ ಇಳಿಯಬೇಕಾದ ಎರಡು ತಂಡಗಳಲ್ಲಿ ಒಂದನ್ನು ಸರಾಸರಿಯಿಂದ, ಇನ್ನೊಂದನ್ನು ಆ ವರ್ಷದ ಪಟ್ಟಿಯಿಂದ ಆರಿಸುವ ಕ್ರಮವಿತ್ತು.

ಕ್ಲಬ್ ಯಾರದು?

ಯುರೋಪಿನ ಅನೇಕ ಪ್ರಸಿದ್ಧ ಕ್ಲಬ್‌ಗಳಿಗೆ ಕೋಟ್ಯಧಿಪತಿ ಮಾಲೀಕರಿದ್ದಾರೆ. ಅರ್ಜೆಂಟೀನಾದ ಕ್ಲಬ್‌ಗಳು ಕಾನೂನಿನ ಪ್ರಕಾರ ಲಾಭದ ಉದ್ದೇಶವಿಲ್ಲದ ನಾಗರಿಕ ಸಂಘಗಳು. ತಿಂಗಳ ಚಂದಾ ಕಟ್ಟುವ ಸದಸ್ಯರೇ ಅವುಗಳ ಒಡೆಯರು. ಅಧ್ಯಕ್ಷರನ್ನು ಮತದಾನದಿಂದ ಆರಿಸುವವರೂ ಅವರೇ. 2023ರ ಡಿಸೆಂಬರಿನಲ್ಲಿ ಬೋಕಾ ಜೂನಿಯರ್ಸ್‌ನ ಚುನಾವಣೆಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಸದಸ್ಯರು ಮತ ಚಲಾಯಿಸಿ, ಮಾಜಿ ಆಟಗಾರ ಹುವಾನ್ ರೋಮನ್ ರಿಕೆಲ್ಮೆಯನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಈಜು, ಬಾಸ್ಕೆಟ್‌ಬಾಲ್ ಮುಂತಾದ ಚಟುವಟಿಕೆಗಳನ್ನೂ ಕ್ಲಬ್‌ಗಳು ನಡೆಸುತ್ತವೆ. ರಿವರ್ ಪ್ಲೇಟ್ ಶಿಶುವಿಹಾರದಿಂದ ಪ್ರೌಢಶಾಲೆಯವರೆಗಿನ ವಿದ್ಯಾಸಂಸ್ಥೆಯನ್ನೂ ನಡೆಸುತ್ತಿದೆ.

ಈ ವ್ಯವಸ್ಥೆ ಹಲವು ಬಾರಿ ಒರೆಗೆ ಹಚ್ಚಲ್ಪಟ್ಟಿದೆ. 1999ರ ಮಾರ್ಚಿನಲ್ಲಿ ಸಾಲದಲ್ಲಿ ಮುಳುಗಿದ ರೇಸಿಂಗ್ ಕ್ಲಬ್ ಇನ್ನಿಲ್ಲವೆಂದು ನ್ಯಾಯಾಲಯ ನೇಮಿಸಿದ ಅಧಿಕಾರಿ ಘೋಷಿಸಿದರು. ಕೆಲವೇ ದಿನಗಳಲ್ಲಿ, ಪಂದ್ಯವೇ ಇಲ್ಲದ ಮೈದಾನಕ್ಕೆ ಅಭಿಮಾನಿಗಳು ಸಾವಿರಾರು ಸಂಖ್ಯೆಯಲ್ಲಿ ಬಂದು ತುಂಬಿಕೊಂಡರು. ಕ್ಲಬ್ ಉಳಿಯಿತಾದರೂ ಅದರ ಆಡಳಿತ ಕೆಲವು ವರ್ಷ ಖಾಸಗಿ ಕಂಪನಿಯೊಂದರ ಕೈಯಲ್ಲಿತ್ತು. 2001ರ ಡಿಸೆಂಬರಿನಲ್ಲಿ, ದೇಶದ ಅರ್ಥವ್ಯವಸ್ಥೆ ಕುಸಿದ ದಿನಗಳಲ್ಲಿಯೇ, ರೇಸಿಂಗ್ 35 ವರ್ಷಗಳ ಬಳಿಕ ಲೀಗ್ ಪ್ರಶಸ್ತಿ ಗೆದ್ದಿತು. ಮುಂದೆ 2008ರಲ್ಲಿ ಆಡಳಿತ ಸದಸ್ಯರ ಕೈಗೆ ಮರಳಿತು.

ಈಗ ಆ ಪ್ರಶ್ನೆ ಮತ್ತೆ ಎದ್ದಿದೆ. 2023ರ ಡಿಸೆಂಬರಿನಲ್ಲಿ ರಾಷ್ಟ್ರಾಧ್ಯಕ್ಷ ಹಾವಿಯೇರ್ ಮಿಲೇ ಅವರ ಸರ್ಕಾರವು ಕ್ಲಬ್‌ಗಳು ಷೇರು ಕಂಪನಿಗಳಾಗಲು ಹಾದಿ ತೆರೆಯುವ ಆಜ್ಞೆ ಹೊರಡಿಸಿತು. ಬಂಡವಾಳ ಬಂದರೆ ಎಳೆಯ ಪ್ರತಿಭೆಗಳನ್ನು ಉಳಿಸಿಕೊಳ್ಳಬಹುದೆಂಬುದು ಒಂದು ವಾದ. ಮಾರಿದ್ದನ್ನು ಮರಳಿ ಪಡೆಯಲಾಗದೆಂಬುದು ಸದಸ್ಯರ ಆತಂಕ. ಫುಟ್‌ಬಾಲ್ ಸಂಘವು ಇದನ್ನು ವಿರೋಧಿಸಿತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು.

ಕಳೆದುಕೊಂಡ ಮೈದಾನವನ್ನು ಮರಳಿ ಪಡೆದವರು

ಸಾನ್ ಲೊರೆನ್ಸೋ ಕ್ಲಬ್ಬಿನ ಕಥೆಯನ್ನು ಪ್ರತ್ಯೇಕವಾಗಿ ಹೇಳಬೇಕು. 1908ರಲ್ಲಿ, ಬೀದಿಯಲ್ಲಿ ಆಡುತ್ತಿದ್ದ ಹುಡುಗರಿಗೆ ಲೊರೆನ್ಸೋ ಮಾಸಾ ಎಂಬ ಪಾದ್ರಿ ಚರ್ಚಿನ ಅಂಗಳವನ್ನು ಬಿಟ್ಟುಕೊಟ್ಟದ್ದರಿಂದ ಬೆಳೆದ ಕ್ಲಬ್ ಇದು. ದಿವಂಗತ ಪೋಪ್ ಫ್ರಾನ್ಸಿಸ್ ಇದರ ಸದಸ್ಯರಾಗಿದ್ದರು. ಬೊಯೆದೋ ಬಡಾವಣೆಯಲ್ಲಿದ್ದ ಅದರ ಹಳೆಯ ಮೈದಾನ ‘ಗಸೋಮೆತ್ರೊ’ದಲ್ಲಿ 1979ರ ಡಿಸೆಂಬರಿನಲ್ಲಿ ಕೊನೆಯ ಪಂದ್ಯ ನಡೆಯಿತು. ಸೈನಿಕ ಆಡಳಿತದ ಆ ಕಾಲದಲ್ಲಿ ಕ್ಲಬ್ ಆ ಭೂಮಿಯನ್ನು ಕಳೆದುಕೊಂಡಿತು. ಬಳಿಕ ಅಲ್ಲಿ ಕ್ಯಾರಿಫೋರ್ ಕಂಪನಿಯ ಬೃಹತ್ ಮಳಿಗೆ ಎದ್ದಿತು. 1981ರಲ್ಲಿ ಕ್ಲಬ್ ಕೆಳದರ್ಜೆಗೂ ಇಳಿಯಿತು. 1993ರಲ್ಲಿ ಬೇರೆಡೆ ಹೊಸ ಮೈದಾನ ಸಿದ್ಧವಾಗುವವರೆಗೂ ಅದು ಅನ್ಯರ ಅಂಗಳಗಳಲ್ಲಿ ಆಡಿತು.

ಬೊಯೆದೋದ ಜನ ಮರೆಯಲಿಲ್ಲ. ದಶಕಗಳ ಹೋರಾಟದ ನಂತರ 2012ರಲ್ಲಿ ಬ್ಯೂನಸ್ ಐರಿಸ್ ನಗರದ ಶಾಸನಸಭೆಯು ಆ ಭೂಮಿಯನ್ನು ಕ್ಲಬ್ ಮರಳಿ ಪಡೆಯಲು ಅನುವಾಗುವ ಕಾನೂನನ್ನು ಅಂಗೀಕರಿಸಿತು. ಖರೀದಿಗೆ ಬೇಕಾದ ಹಣಕ್ಕಾಗಿ ಅಭಿಮಾನಿಗಳು ತಲಾ ಒಂದೊಂದು ಚದರ ಮೀಟರಿನ ಲೆಕ್ಕದಲ್ಲಿ ಕೊಡುಗೆ ನೀಡಿದರು. 2019ರಲ್ಲಿ ಭೂಮಿ ಕ್ಲಬ್ಬಿನ ವಶಕ್ಕೆ ಬಂದಿತು.

ನೆರಳಿನ ಭಾಗ

ಹೊಗಳಿಕೆಯೊಂದಿಗೆ ಕೊರತೆಗಳನ್ನೂ ಹೇಳಬೇಕು. ‘ಬಾರ್ರಾ ಬ್ರಾವಾ’ ಎಂಬ ಸಂಘಟಿತ ಗುಂಪುಗಳ ಹಿಂಸೆ ಈ ಲೀಗಿನ ಹಳೆಯ ಗಾಯ. 2013ರಲ್ಲಿ ಲಾ ಪ್ಲಾತಾದಲ್ಲಿ ಅಭಿಮಾನಿಯೊಬ್ಬ ಸಾವಿಗೀಡಾದ ಮೇಲೆ, ಎದುರಾಳಿ ತಂಡದ ಬೆಂಬಲಿಗರಿಗೆ ಪ್ರವೇಶವನ್ನೇ ನಿಷೇಧಿಸಲಾಯಿತು. ಅದರಲ್ಲಿ ಸಡಿಲಿಕೆ ಬಂದದ್ದು ನಿಧಾನವಾಗಿ. ಮಹಿಳೆಯರ ಲೀಗಿಗೆ ವೃತ್ತಿಪರ ಸ್ಥಾನ ದೊರೆತದ್ದು 2019ರಲ್ಲಿ ಮಾತ್ರ, ಪುರುಷರ ಲೀಗಿಗಿಂತ 88 ವರ್ಷ ತಡವಾಗಿ. ಅದಕ್ಕೆ ಆಟಗಾರ್ತಿಯರೇ ಹೋರಾಡಬೇಕಾಯಿತು. ಪದ್ಧತಿಯ ಆಗಾಗಿನ ಬದಲಾವಣೆಯೂ ವಿಶ್ವಾಸವನ್ನು ಕುಂದಿಸುತ್ತದೆ. 2024ರ ಋತುವಿನ ನಡುವೆಯೇ ಆ ವರ್ಷದ ಇಳಿಕೆಯನ್ನು ರದ್ದುಗೊಳಿಸಲಾಯಿತು.

ಹೆಸರು ಬರೆಸುವುದರ ಬೆಲೆ

ಕೇರಳದ ಶಾಲೆಗಳಲ್ಲಿ ವರ್ಷದ ಆರನೆಯ ಕೆಲಸದ ದಿನದಂದು ಹಾಜರಿರುವ ಮಕ್ಕಳ ಲೆಕ್ಕದ ಮೇಲೆ ಡಿವಿಜನ್‌ಗಳೂ ಶಿಕ್ಷಕರ ಹುದ್ದೆಗಳೂ ನಿಂತಿವೆ ಎಂಬುದು ಕಾಸರಗೋಡಿನ ಹೆತ್ತವರಿಗೆ ಗೊತ್ತಿದೆ. ನಮಗೆ ಮೂರು ವರ್ಷಗಳ ಸರಾಸರಿಯ ರಕ್ಷಣೆ ಇಲ್ಲ. ಒಂದು ವರ್ಷ ನಾಲ್ಕು ಮಕ್ಕಳು ಕಡಿಮೆಯಾದರೆ ಒಂದು ಕನ್ನಡ ಡಿವಿಜನ್ನೇ ಹೋಗಬಹುದು. ಆದ್ದರಿಂದ ರಿಜಿಸ್ಟರಿನಲ್ಲಿ ಬರೆಸುವ ಪ್ರತಿಯೊಂದು ಹೆಸರೂ ಒಂದು ಚದರ ಮೀಟರಿನಷ್ಟು ನೆಲವನ್ನು ಉಳಿಸಿಕೊಟ್ಟಂತೆ.

ಮುಂದಿನ ವಿಶ್ವಕಪ್ಪಿನಲ್ಲಿ ನಿಮ್ಮ ಮನೆಯ ಮಕ್ಕಳು ನೀಲಿ ಬಿಳಿ ಅಂಗಿ ತೊಟ್ಟಾಗ, ಬೊಯೆದೋದವರು ಮೈದಾನ ಮರಳಿ ಪಡೆದ ಕಥೆಯನ್ನೂ ಅವರಿಗೆ ಕನ್ನಡದಲ್ಲಿ ಹೇಳಿ. ಸರಾಸರಿಯ ಲೆಕ್ಕವನ್ನು ಒಮ್ಮೆ ಮಾಡಿಸಿ ನೋಡಿ. ನನ್ನ ತರಗತಿಯ ಆ ಹುಡುಗ ಎರಡು ನಿಮಿಷದಲ್ಲಿ ಮಾಡಿ ಮುಗಿಸಿದ, ಆಮೇಲೆ ಕೇಳಿದ: “ಹೊಸ ತಂಡದವರಿಗೆ ಇದು ಅನ್ಯಾಯ ಅಲ್ಲವಾ ಮಾಸ್ಟ್ರೇ?” ಅದರ ಬಗ್ಗೆ ತರಗತಿಯಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ.