ಅಣ್ಣನಿಗೆ ಹದಿಮೂರು, ತಂಗಿಗೆ ಹನ್ನೆರಡು

ಒಂದು ಮಗುವಿನ ಫೋಟೊ, ಕೆಳಗೆ ಹೆಸರು, ವಯಸ್ಸು, ದೇಶ. ತಿಂಗಳಿಗೆ ಇಷ್ಟು ಕೊಡಿ, ಈ ಮಗುವಿನ ಬದುಕು ಬದಲಾಗುತ್ತೆ ಅನ್ನೋ ಮನವಿ. ಇಂಥ ಜಾಹೀರಾತು ನೀವೂ ನೋಡಿರ್ತೀರಿ. ಅಯ್ಯೋ ಪಾಪ ಅನ್ನಿಸೋದು ಸಹಜ. ಆದರೆ ಇಂಜಿನಿಯರಿಂಗ್ ಓದೋರಿಗೆ ಇನ್ನೊಂದು ಪ್ರಶ್ನೆಯೂ ಏಳಬೇಕು: ನಿಜವಾಗಿ ಬದಲಾಗುತ್ತಾ? ಅಳೆಯೋದು ಹೇಗೆ?

ಈ 'ಸ್ಪಾನ್ಸರ್‌ಶಿಪ್' ಪದ್ಧತಿಯನ್ನು ದೊಡ್ಡದಾಗಿ ಬೆಳೆಸಿದವರಲ್ಲಿ ಕ್ರೈಸ್ತ ಸೇವಾಸಂಸ್ಥೆಗಳು ಮುಖ್ಯ. ಅವುಗಳಲ್ಲಿ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಒಂದು. 1952ರಲ್ಲಿ, ಕೊರಿಯಾ ಯುದ್ಧದ ಕಾಲದಲ್ಲಿ, ಎವರೆಟ್ ಸ್ವಾನ್ಸನ್ ಎಂಬ ಅಮೆರಿಕದ ಪಾಸ್ಟರ್ ಅಲ್ಲಿನ ಅನಾಥ ಮಕ್ಕಳಿಗಾಗಿ ಶುರು ಮಾಡಿದ್ದು. ಒಬ್ಬ ದಾನಿಗೆ ಒಂದು ಮಗು. ಇಬ್ಬರ ನಡುವೆ ಪತ್ರ. ಕೆಲಸ ನಡೆಯೋದು ಸ್ಥಳೀಯ ಚರ್ಚ್‌ಗಳ ಮೂಲಕ: ಶಾಲೆ ಬಿಟ್ಟ ಮೇಲೆ ಪಾಠ, ಊಟ, ಆರೋಗ್ಯ ತಪಾಸಣೆ, ಫೀಸು, ಯೂನಿಫಾರ್ಮು. ಜೊತೆಗೆ ಬೈಬಲ್ ಪಾಠವೂ ಇರುತ್ತೆ.

ಸಹಾಯ ಸಿಕ್ಕ ಮಗುವನ್ನೂ ಸಿಗದ ಮಗುವನ್ನೂ ಹೋಲಿಸಿದರೆ ಮುಗೀತಲ್ಲ ಅಂತೀರಾ? ಅಲ್ಲೇ ಇರೋದು ತೊಡಕು. ಹೆಸರು ಬರೆಸಲು ಮುಂದೆ ಬರುವ ಅಪ್ಪ-ಅಮ್ಮನಿಗೆ ಮೊದಲೇ ಮಕ್ಕಳ ಓದಿನ ಮೇಲೆ ಹೆಚ್ಚು ಆಸೆ ಇರಬಹುದು. ಆ ಮಗು ಸಹಾಯ ಇಲ್ಲದಿದ್ದರೂ ಓದಿಬಿಡುತ್ತಿತ್ತೇನೋ. ಒಂದೇ ಮನೆಯಲ್ಲಿ ಕೂಡ, ಚುರುಕಾದ ಮಗುವನ್ನು ಕಳಿಸಿದರೋ, ಸೊರಗಿದ ಮಗುವನ್ನು ಕಳಿಸಿದರೋ, ಯಾರಿಗೆ ಗೊತ್ತು?

ಬ್ರೂಸ್ ವೈಡಿಕ್, ಪಾಲ್ ಗ್ಲೆವ್ವೆ, ಲೇನ್ ರಟ್ಲೆಡ್ಜ್ ಎಂಬ ಅರ್ಥಶಾಸ್ತ್ರಜ್ಞರಿಗೆ ಸಂಸ್ಥೆಯ ಒಂದು ಒಣ ನಿಯಮವೇ ದಾರಿಯಾಯಿತು. ಯೋಜನೆ ಊರಿಗೆ ಬಂದಾಗ 12 ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆ ಮಾತ್ರ ಪ್ರವೇಶ. ಅಣ್ಣನಿಗೆ ಹದಿಮೂರು ಆಗಿದ್ದರೆ ಅವನು ಔಟ್. ತಂಗಿಗೆ ಹನ್ನೆರಡು, ಅವಳಿಗೆ ಅವಕಾಶ. ಅದೇ ಮನೆ, ಅದೇ ಅಪ್ಪ-ಅಮ್ಮ, ಅದೇ ಬಡತನ. ಅವರಿಬ್ಬರನ್ನು ಬೇರೆ ಮಾಡಿದ್ದು ಯಾರ ಆಸೆಯೂ ಅಲ್ಲ, ಹುಟ್ಟಿದ ವರ್ಷ.

ಕಾಲ ಸುಧಾರಿಸುತ್ತಾ ಹೋದ ಹಾಗೆ ಕಿರಿಯರು ಹೇಗೂ ಹಿರಿಯರಿಗಿಂತ ಜಾಸ್ತಿ ಓದ್ತಾರಲ್ವಾ? ಹೌದು. ಅದಕ್ಕೇ ಯೋಜನೆ ಇಲ್ಲದ ಅಕ್ಕಪಕ್ಕದ ಊರುಗಳ ಅಣ್ಣ-ತಂಗಿಯರನ್ನೂ ಲೆಕ್ಕಕ್ಕೆ ತಗೊಂಡರು. ಅಲ್ಲಿನ ವ್ಯತ್ಯಾಸವನ್ನು ಇಲ್ಲಿನದರಿಂದ ಕಳೆಯಬೇಕು. ವರ್ನಿಯರ್ ಕ್ಯಾಲಿಪರ್‌ನ ಝೀರೋ ಎರರ್ ಕಳೆದ ಹಾಗೇ.

ಭಾರತ, ಉಗಾಂಡ, ಕೀನ್ಯಾ, ಫಿಲಿಪ್ಪೀನ್ಸ್, ಗ್ವಾಟೆಮಾಲ, ಬೊಲಿವಿಯಾ: ಆರು ದೇಶಗಳಲ್ಲಿ, ಅಷ್ಟು ಹೊತ್ತಿಗೆ ದೊಡ್ಡವರಾಗಿದ್ದ 10,144 ಜನರ ಮಾಹಿತಿ ಕಲೆಹಾಕಿದರು. 2013ರಲ್ಲಿ 'ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿ'ಯಲ್ಲಿ ಫಲಿತಾಂಶ ಬಂತು. ಸ್ಪಾನ್ಸರ್‌ಶಿಪ್ ಸಿಕ್ಕವರು 1.03ರಿಂದ 1.46 ವರ್ಷ ಹೆಚ್ಚು ಓದಿದ್ದರು. ಪ್ರೌಢಶಿಕ್ಷಣ ಮುಗಿಸುವ ಸಾಧ್ಯತೆ, ಶೇ 44.5 ಇದ್ದದ್ದು, ಇನ್ನೂ 11.6ರಿಂದ 16.5 ಅಂಶ ಮೇಲೇರಿತ್ತು. ಕಚೇರಿ ಕೆಲಸ, ಶಿಕ್ಷಕ ವೃತ್ತಿಯಂಥ ನೌಕರಿ ಸಿಗುವ ಸಾಧ್ಯತೆಯೂ ಹೆಚ್ಚಿತ್ತು. ಬಡತನದ ಕಾರ್ಯಕ್ರಮಗಳ ಲೆಕ್ಕದಲ್ಲಿ ಇದು ಸಣ್ಣ ಸಂಖ್ಯೆ ಅಲ್ಲವೇ ಅಲ್ಲ.

ಕಾರಣ ಏನು? ಊಟವಾ, ಫೀಸಾ? ವೈಡಿಕ್ ತಂಡದ ಅನುಮಾನ ಬೇರೆ ಕಡೆ ಹೋಯಿತು: 'ನಾನೂ ಏನಾದರೂ ಆಗಬಲ್ಲೆ' ಅನ್ನೋ ಭರವಸೆಯ ಕಡೆಗೆ. ಅದನ್ನು ಅಳೆಯೋದು ಇನ್ನೂ ಕಷ್ಟ. ಇಂಡೋನೇಷ್ಯಾದ ಜಕಾರ್ತಾದ ಬಡ ಬಡಾವಣೆಗಳ ಮಕ್ಕಳಿಗೆ ಕ್ರೇಯಾನ್ ಕೊಟ್ಟು, ನಿಮ್ಮ ಚಿತ್ರ ನೀವೇ ಬರೀರಿ ಅಂದರು. ಬಾಯಿಲ್ಲದ ಮುಖ, ಪುಟ್ಟದಾಗಿ ಮೂಲೆ ಸೇರಿದ ಆಕೃತಿ, ಕಪ್ಪು ಬಣ್ಣ, ಇವನ್ನು ಮನಶ್ಶಾಸ್ತ್ರಜ್ಞರು ಆತಂಕದ ಗುರುತು ಅಂತ ಎಣಿಸ್ತಾರೆ. ಸಹಾಯ ಪಡೆಯುತ್ತಿದ್ದ ಮಕ್ಕಳ ಚಿತ್ರಗಳಲ್ಲಿ ಭರವಸೆಯ ಅಂಕ ಮೇಲಿತ್ತು. ಕ್ರೇಯಾನ್‌ನಿಂದ ಡೇಟಾ! ನಂಗಂತೂ ಇಡೀ ಕಥೆಯಲ್ಲಿ ತುಂಬ ಹಿಡಿಸಿದ ಭಾಗ ಇದು.

ತಕರಾರುಗಳೂ ಇವೆ, ಕೆಲವು ನ್ಯಾಯವಾದವು. ಹದಿಮೂರರ ಅಣ್ಣ ಸಂಶೋಧಕರಿಗೆ ಅನುಕೂಲವಾದ, ಸರಿ, ಅವನ ಗತಿ? ಒಂದು ಮಗುವನ್ನು ಆರಿಸಿದಾಗೆಲ್ಲ ಇನ್ನೊಂದು ಬಾಗಿಲಲ್ಲೇ ನಿಲ್ಲುತ್ತೆ. ಅದಕ್ಕೇ ವರ್ಲ್ಡ್ ವಿಷನ್‌ನಂಥ ಸಂಸ್ಥೆಗಳು ಹಣವನ್ನು ಒಂದು ಮಗುವಿಗೆ ಕಟ್ಟಿಹಾಕದೆ ಊರಿನ ನೀರು, ಶಾಲೆಗೆ ಹಾಕುವ ಕಡೆ ಹೊರಳಿದವು. ಇನ್ನು ಊಟದ ಜೊತೆ ಧರ್ಮಬೋಧೆ ಬರಬಹುದಾ ಅನ್ನೋ ಪ್ರಶ್ನೆ. ಅದಕ್ಕೆ ಯಾವ ಕ್ಯಾಲಿಪರ್ರೂ ಇಲ್ಲ.

ಆ ಪ್ರಶ್ನೆಯೇ ನಮ್ಮ ದೇಶದಲ್ಲಿ ನಿರ್ಣಾಯಕವಾಯಿತು. ಮತಾಂತರದ ಆರೋಪದ ಮೇಲೆ 2016ರಲ್ಲಿ ಕೇಂದ್ರ ಗೃಹ ಸಚಿವಾಲಯ, ಕಂಪ್ಯಾಷನ್‌ನಿಂದ ಇಲ್ಲಿಗೆ ಬರುವ ವಿದೇಶಿ ಹಣಕ್ಕೆ ಪೂರ್ವಾನುಮತಿ ಕಡ್ಡಾಯ ಮಾಡಿತು. ಸಂಸ್ಥೆ ಆರೋಪ ಒಪ್ಪಲಿಲ್ಲ. ಅನುಮತಿಯೂ ಸಿಗಲಿಲ್ಲ. ಮಾರ್ಚ್ 2017ರಲ್ಲಿ ಅದು ಭಾರತದಿಂದ ಹೊರನಡೆಯಿತು. ಆಗ ಅದರ ಪಟ್ಟಿಯಲ್ಲಿ 1.4 ಲಕ್ಷಕ್ಕೂ ಹೆಚ್ಚು ಭಾರತೀಯ ಮಕ್ಕಳಿದ್ದರು.

ಅವತ್ತು ಹತ್ತೋ ಹನ್ನೆರಡೋ ವರ್ಷ ಆಗಿದ್ದವರು ಈಗ ಹೆಚ್ಚೂಕಡಿಮೆ ನಮ್ಮದೇ ವಯಸ್ಸಿನವರು. ವೈಡಿಕ್‌ರ ಅದೇ ಅಳತೆಗೋಲನ್ನು ತಿರುಗಿಸಿ ಹಿಡಿದರೆ, ಯೋಜನೆ ನಿಂತದ್ದರ ಪರಿಣಾಮವನ್ನೂ ಅಳೆಯಬಹುದು: 2017ಕ್ಕೆ ಮುಂಚೆಯೇ ಪೂರ್ತಿ ಮುಗಿಸಿದ ಅಕ್ಕ ಒಂದು ಕಡೆ, ನಡುವೆಯೇ ಪತ್ರ ನಿಂತುಹೋದ ತಮ್ಮ ಇನ್ನೊಂದು ಕಡೆ.