ಗಿಟಾರ್ ಆಂಪ್ಲಿಫೈಯರ್ (ರಾಕ್ ಸಂಗೀತ)

ಗಿಟಾರ್ ಆಂಪ್ಲಿಫೈಯರ್ ಎಂಬುದು ಎಲೆಕ್ಟ್ರಿಕ್ ಗಿಟಾರಿನಿಂದ ಹೊರಡುವ ದುರ್ಬಲ ವಿದ್ಯುತ್ ಸಂಕೇತವನ್ನು ಬಲಪಡಿಸಿ ಸ್ಪೀಕರಿನ ಮೂಲಕ ನಾದವಾಗಿ ಕೇಳಿಸುವ ಉಪಕರಣವಾಗಿದೆ. ರೂಢಿಯಲ್ಲಿ ಇದನ್ನು ಆಂಪ್ ಎನ್ನುತ್ತಾರೆ. ಸಭೆಗಳಲ್ಲಿ ಬಳಸುವ ಧ್ವನಿವರ್ಧಕವು ಭಾಷಣಕಾರನ ದನಿಯನ್ನು ಬದಲಿಸದೆ ದೊಡ್ಡದು ಮಾಡಬೇಕೆಂಬುದು ಅಪೇಕ್ಷೆ. ಗಿಟಾರ್ ಆಂಪಿನಿಂದ ಅಂತಹ ನಿಷ್ಠೆಯನ್ನು ಯಾರೂ ಬಯಸುವುದಿಲ್ಲ. ರಾಕ್ ಸಂಗೀತದಲ್ಲಿ ನಾದದ ಗುಣವನ್ನು ರೂಪಿಸುವುದು ಆಂಪೇ ಆದುದರಿಂದ ಅದನ್ನು ವಾದ್ಯದ ಅರ್ಧಭಾಗವೆಂದು ಪರಿಗಣಿಸುವುದು ತಪ್ಪಾಗಲಾರದು. ಅದನ್ನು ಆರಿಸುವಾಗ ವ್ಯಾಟ್ ಸಂಖ್ಯೆಯೊಂದನ್ನೇ ನೋಡಿ ಅಗತ್ಯಕ್ಕಿಂತ ದೊಡ್ಡದನ್ನು ಕೊಳ್ಳುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು.

ರಚನೆ

ಗಿಟಾರಿನ ಉಕ್ಕಿನ ತಂತಿಗಳ ಕೆಳಗಿರುವ ಪಿಕಪ್‌ನಲ್ಲಿ ಅಯಸ್ಕಾಂತವೂ ಅದರ ಸುತ್ತ ಸುತ್ತಿದ ತೆಳುವಾದ ತಾಮ್ರದ ತಂತಿಯೂ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಅಲ್ಲಿ ಅತ್ಯಲ್ಪ ವಿದ್ಯುತ್ ಉಂಟಾಗುತ್ತದೆ. ಆಂಪಿನ ಮೊದಲ ಹಂತವಾದ ಪ್ರೀಆಂಪ್ ಈ ಸಂಕೇತವನ್ನು ಹಿಗ್ಗಿಸಿ ಅದರ ಮಂದ್ರ, ಮಧ್ಯ, ತಾರ ಭಾಗಗಳನ್ನು ಹೊಂದಿಸುತ್ತದೆ. ಎರಡನೆಯ ಹಂತವಾದ ಪವರ್ ಆಂಪ್ ಸ್ಪೀಕರನ್ನು ನಡೆಸುವಷ್ಟು ಶಕ್ತಿಯನ್ನು ಒದಗಿಸುತ್ತದೆ. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದು ಕಾಂಬೊ. ಆಂಪ್ ಬೇರೆ, ಸ್ಪೀಕರ್ ಪೆಟ್ಟಿಗೆ ಬೇರೆ ಇದ್ದರೆ ಕ್ರಮವಾಗಿ ಹೆಡ್ ಮತ್ತು ಕ್ಯಾಬಿನೆಟ್.

ಗಿಟಾರಿನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಸ್ವರಾಂಶಗಳನ್ನು ಬಹುಮಟ್ಟಿಗೆ ಕೈಬಿಡುತ್ತದೆ. ವಿಕೃತಗೊಳಿಸಿದ ಗಿಟಾರ್ ಸಂಕೇತವನ್ನು ಸಭಾಂಗಣದ ಧ್ವನಿವ್ಯವಸ್ಥೆಗೆ ನೇರವಾಗಿ ಜೋಡಿಸಿದರೆ ಜೀರುಂಡೆಯ ಸದ್ದಿನಂತೆ ಕರ್ಕಶವಾಗಿ ಕೇಳಿಸುವುದಕ್ಕೆ ಇದೇ ಕಾರಣ.

ದೋಷವೇ ಗುಣವಾದದ್ದು

ಸಾಮರ್ಥ್ಯಕ್ಕೆ ಮೀರಿದ ಸಂಕೇತವನ್ನು ಕೊಟ್ಟಾಗ ಆಂಪ್ ಅಲೆಯ ತುದಿಗಳನ್ನು ಕತ್ತರಿಸಿಬಿಡುತ್ತದೆ. ಇದರಿಂದ ಮೂಲ ಸ್ವರದಲ್ಲಿಲ್ಲದ ಹೊಸ ಅನುಸ್ವರಗಳು ಹುಟ್ಟುತ್ತವೆ. ಎಂಜಿನಿಯರುಗಳ ದೃಷ್ಟಿಯಲ್ಲಿ ಇದು ದೋಷ. ಡಿಸ್ಟಾರ್ಷನ್ ಎಂಬ ಹೆಸರೂ ವಿಕೃತಿಯೆಂಬ ಅರ್ಥದ್ದೇ. ಆದರೆ ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಇಡುವ ನೂಲಿನೆಳೆಯು ಶ್ರುತಿಗೆ ಝೇಂಕಾರ ತರುವಂತೆ, ಈ ದೋಷವೂ ಗಿಟಾರಿನ ನಾದವನ್ನು ತುಂಬಿಕೊಂಡದ್ದಾಗಿ ಮಾಡುತ್ತದೆ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಪುಟ್ಟ ಆಂಪೊಂದರ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿ 'ಯು ರಿಯಲಿ ಗಾಟ್ ಮಿ' ಗೀತೆಯ ಒರಟು ನಾದವನ್ನು ಪಡೆದರು.

ಹಳೆಯ ರೇಡಿಯೋಗಳಲ್ಲಿ ಇದ್ದಂತಹ ವಾಲ್ವ್‌ಗಳು ಸಂಕೇತವನ್ನು ಕ್ರಮೇಣ ಅದುಮುತ್ತವೆ. ಸರಳ ಟ್ರಾನ್ಸಿಸ್ಟರ್ ಆಂಪ್‌ಗಳು ಥಟ್ಟನೆ ಕತ್ತರಿಸುತ್ತವೆ. ವಾಲ್ವ್ ಆಂಪ್‌ಗಳು ಭಾರವೂ ದುಬಾರಿಯೂ ಆಗಿದ್ದರೂ ರಾಕ್ ವಾದಕರು ಅವನ್ನು ಬಿಡದಿರಲು ಇದು ಮುಖ್ಯ ಕಾರಣ. ಆದರೆ ಶುದ್ಧ ನಾದವೇ ಬೇಕಾದವರಿಗೆ ಟ್ರಾನ್ಸಿಸ್ಟರ್ ಕೀಳಲ್ಲ. 1975ರಲ್ಲಿ ಬಂದ ಜಪಾನಿನ ರೋಲ್ಯಾಂಡ್ ಜೆಸಿ-120 ಆ ಬಗೆಯ ನಾದಕ್ಕೆ ಇಂದಿಗೂ ಮಾದರಿಯಾಗಿದೆ.

ದೊಡ್ಡ ಆಂಪ್‌ಗಳ ಕಾಲ

ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಸಂಗೀತವಾದ್ಯಗಳ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ ಮೂಲತಃ ಡ್ರಮ್ ವಾದಕರು ಮತ್ತು ಶಿಕ್ಷಕರು. ಅಮೆರಿಕದ ಆಂಪ್‌ಗಳು ಇಂಗ್ಲೆಂಡಿನಲ್ಲಿ ಬಹಳ ದುಬಾರಿಯಾಗಿದ್ದುದರಿಂದ ಅವರು ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಅವರೊಡಗೂಡಿ, ಫೆಂಡರ್ ಬಾಸ್‌ಮನ್ ಆಂಪಿನ ವಿನ್ಯಾಸವನ್ನು ಅನುಸರಿಸಿ 1962ರಲ್ಲಿ ಜೆಟಿಎಂ45 ಎಂಬ ಆಂಪನ್ನು ತಯಾರಿಸಿದರು. ಬಳಿಕ 'ದ ಹೂ' ತಂಡದ ಪೀಟ್ ಟೌನ್‌ಶೆಂಡ್ ಇನ್ನೂ ಗಟ್ಟಿಯಾದ ಆಂಪನ್ನು ಕೇಳಿದ್ದರಿಂದ 1965ರ ಸುಮಾರಿಗೆ 100 ವ್ಯಾಟ್‌ನ ಮಾದರಿ ರೂಪುಗೊಂಡಿತು. ಅವರಿಗಾಗಿ ಎಂಟು ಸ್ಪೀಕರುಗಳ ಕ್ಯಾಬಿನೆಟ್ಟನ್ನೂ ಮಾಡಲಾಯಿತು. ಹೊರುವವರಿಗೆ ಅದು ತೀರ ಭಾರವಾದ ಕಾರಣ ನಾಲ್ಕು ನಾಲ್ಕು ಸ್ಪೀಕರುಗಳ ಎರಡು ಪೆಟ್ಟಿಗೆಗಳಾಗಿ ಒಡೆದು ಒಂದರ ಮೇಲೊಂದು ಇಡಲಾಯಿತು. ರಾಕ್ ವೇದಿಕೆಗಳ ಗುರುತೇ ಆಗಿಹೋದ 'ಸ್ಟ್ಯಾಕ್' ಹುಟ್ಟಿದ್ದು ಹೀಗೆ.

ಆ ಗಾತ್ರಕ್ಕೆ ಅಂದು ಅರ್ಥವಿತ್ತು. ಆಗಿನ ಸಭಾಂಗಣಗಳ ಧ್ವನಿವ್ಯವಸ್ಥೆ ಹಾಡುಗಾರನ ದನಿಗಷ್ಟೇ ಮೀಸಲಾಗಿದ್ದು, ಗಿಟಾರ್ ಶ್ರೋತೃಗಳನ್ನು ತಲುಪಬೇಕಾದರೆ ಆಂಪೇ ಸಭಾಂಗಣವನ್ನು ತುಂಬಬೇಕಿತ್ತು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡ 55,000ಕ್ಕೂ ಹೆಚ್ಚು ಜನರೆದುರು 100 ವ್ಯಾಟ್‌ನ ವಾಕ್ಸ್ ಆಂಪ್‌ಗಳೊಡನೆ ನುಡಿಸಿತು. ಕೇಳುಗರ ಕಿರುಚಾಟದಲ್ಲಿ ಅವೂ ಮುಳುಗಿಹೋದವು. ಇಂದು ಆಂಪಿನ ಮುಂದೆ ಮೈಕ್ ಇಟ್ಟು ಅದರ ನಾದವನ್ನು ದೊಡ್ಡ ಧ್ವನಿವ್ಯವಸ್ಥೆಯ ಮೂಲಕ ಹರಿಸುತ್ತಾರೆ. ಆದಕಾರಣ ಸಣ್ಣ ಆಂಪಿನಿಂದಲೂ ದೊಡ್ಡ ಸಭೆಯನ್ನು ತಲುಪಬಹುದು.

ವ್ಯಾಟ್ ಮತ್ತು ಗಟ್ಟಿತನ

50 ವ್ಯಾಟ್‌ನ ಆಂಪಿಗಿಂತ 100 ವ್ಯಾಟ್‌ನದು ಎರಡರಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ. ಶಕ್ತಿ ಇಮ್ಮಡಿಯಾದರೆ ಧ್ವನಿಮಟ್ಟ ಹೆಚ್ಚುವುದು ಕೇವಲ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಅನ್ನಿಸಲು ಸುಮಾರು ಹತ್ತುಪಟ್ಟು ಶಕ್ತಿ ಬೇಕು. ಅಂದರೆ 10 ವ್ಯಾಟ್‌ನ ಆಂಪಿಗೆ ಎರಡರಷ್ಟು ಗಟ್ಟಿ 100 ವ್ಯಾಟ್‌ನ ಆಂಪ್. ವಾಲ್ವ್ ಆಂಪಿನ ಇಷ್ಟವಾದ ನಾದ ಬರುವುದು ಅದು ತನ್ನ ಮಿತಿಯ ಹತ್ತಿರ ದುಡಿಯುವಾಗ. ಅಷ್ಟು ಏರಿಸಿದ 100 ವ್ಯಾಟ್‌ನ ಆಂಪ್ ಚಿಕ್ಕ ಸಭಾಂಗಣದಲ್ಲಿ ಅಸಹನೀಯ, ತಗ್ಗಿಸಿದರೆ ನಾದ ಸಪ್ಪೆ. ಡ್ರಮ್ ವಾದಕನೊಡನೆ ಅಭ್ಯಾಸ ಮಾಡಲು ಮತ್ತು ಸಣ್ಣ ಕಚೇರಿಗಳಿಗೆ 15ರಿಂದ 30 ವ್ಯಾಟ್‌ನ ವಾಲ್ವ್ ಆಂಪ್ ಸಾಮಾನ್ಯವಾಗಿ ಸಾಕು. ಮೈಕ್ ಇಲ್ಲದೆ ಗಟ್ಟಿಯಾದ ಶುದ್ಧ ನಾದ ಬೇಕಾದವರಿಗೆ ಮಾತ್ರ ಹೆಚ್ಚಿನ ಶಕ್ತಿ ನಿಜವಾಗಿ ಉಪಯುಕ್ತ.

ವಾದ್ಯವೃಂದದ ನಡುವೆ

ಅಂಗಡಿಯಲ್ಲಿ ಒಂಟಿಯಾಗಿ ನುಡಿಸಿದಾಗ ಮಂದ್ರ ಮತ್ತು ತಾರ ಭಾಗಗಳನ್ನು ಏರಿಸಿ ಮಧ್ಯವನ್ನು ತಗ್ಗಿಸಿದ ನಾದ ಭರ್ಜರಿಯಾಗಿ ತೋರುತ್ತದೆ. ತಂಡದಲ್ಲಿ ಮಂದ್ರವನ್ನು ಬೇಸ್ ಗಿಟಾರ್, ತಾರವನ್ನು ಡ್ರಮ್ಮಿನ ತಾಳಗಳು ಆಕ್ರಮಿಸಿಕೊಳ್ಳುವುದರಿಂದ ಅದೇ ನಾದ ಕಾಣೆಯಾಗುತ್ತದೆ. ಗಿಟಾರಿನ ನೆಲೆ ಮಧ್ಯಭಾಗವೇ. ಆದ್ದರಿಂದ ಕೊಳ್ಳುವ ಮುನ್ನ ಸ್ವಂತ ಗಿಟಾರಿನೊಂದಿಗೆ, ಸಾಧ್ಯವಾದರೆ ತಂಡದವರ ಜೊತೆಗೆ, ವೇದಿಕೆಯ ಗಟ್ಟಿತನದಲ್ಲೇ ನುಡಿಸಿ ನೋಡುವುದು ಸೂಕ್ತ. ಸ್ಪೀಕರಿನ ತಾರಭಾಗ ನೇರ ರೇಖೆಯಲ್ಲಿ ಸಾಗುತ್ತದೆ. ನೆಲದ ಮೇಲಿಟ್ಟ ಆಂಪ್ ವಾದಕನ ಮೊಣಕಾಲಿಗೆ ನುಡಿದು, ಮುಂದಿನ ಸಾಲಿನ ಕೇಳುಗರ ಕಿವಿಗೆ ಇರಿಯುತ್ತದೆ. ಅದನ್ನು ಕುರ್ಚಿಯ ಮೇಲಿಟ್ಟರೆ ಅಥವಾ ಹಿಂದಕ್ಕೆ ಓರೆಮಾಡಿದರೆ ವಾದಕ ತಾನಾಗಿಯೇ ಧ್ವನಿ ತಗ್ಗಿಸುವುದುಂಟು.

ಎಚ್ಚರಿಕೆಗಳು

ಸ್ಪೀಕರ್ ಜೋಡಿಸದೆ ವಾಲ್ವ್ ಆಂಪನ್ನು ನುಡಿಸಬಾರದು. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಅಮೆರಿಕದಿಂದ ತಂದ ಆಂಪ್‌ಗಳು ಸಾಮಾನ್ಯವಾಗಿ 120 ವೋಲ್ಟ್‌ಗೆ ತಯಾರಾದವು. ಭಾರತದ 230 ವೋಲ್ಟ್‌ಗೆ ಅವನ್ನು ನೇರವಾಗಿ ಜೋಡಿಸದೆ ತಕ್ಕ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸಬೇಕು. ಸ್ವಿಚ್ ಆರಿಸಿದ ಮೇಲೂ ವಾಲ್ವ್ ಆಂಪಿನೊಳಗೆ ಪ್ರಾಣಾಪಾಯ ತರುವಷ್ಟು ವಿದ್ಯುತ್ ಉಳಿದಿರಬಹುದಾದ್ದರಿಂದ ತಿಳಿಯದವರು ಅದನ್ನು ಬಿಚ್ಚಬಾರದು.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಯವರೆಗೆ ಕೇಳಬಹುದು. ನಂತರದ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತದೆ. ಈ ಲೆಕ್ಕದಲ್ಲಿ 100 ಡೆಸಿಬೆಲ್ ಸದ್ದಿಗೆ ಉಳಿಯುವುದು 15 ನಿಮಿಷ. ರಾಕ್ ತಂಡದ ಅಭ್ಯಾಸದ ಕೋಣೆಯಲ್ಲಿ ಈ ಮಟ್ಟ ಅಪರೂಪವಲ್ಲ. ದೊಡ್ಡ ಆಂಪನ್ನು ಕೇಳಿ ಮಾಡಿಸಿಕೊಂಡ ಟೌನ್‌ಶೆಂಡ್ ತಮ್ಮ ಶ್ರವಣದೋಷದ ಬಗ್ಗೆ ಬಹಿರಂಗವಾಗಿ ಮಾತನಾಡಿದ್ದಾರೆ.